ಮೂರು ಕೌಂಟರ್, ಒಂದು ದವಡೆ

ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸ ಬಣ್ಣ ಹೊಂದಿಸುವುದು. ಮುದ್ರಣಾಲಯದಲ್ಲಿ. ಗಿರಾಕಿ ಒಪ್ಪಿ ಸಹಿ ಹಾಕಿದ ಮಾದರಿ ಹಾಳೆ, ಅಂದರೆ ಪ್ರೂಫ್, ಒಂದು ಕಡೆ, ಮೆಷಿನ್‌ನಿಂದ ಆಗಷ್ಟೇ ಹೊರಬಿದ್ದ ಹಾಳೆ ಇನ್ನೊಂದು ಕಡೆ ಇಟ್ಟುಕೊಂಡು, ಎರಡೂ ಒಂದೇ ಎನಿಸಿದರೆ ‘ಓಡಿಸಿ’ ಎನ್ನುತ್ತೇನೆ, ಎನಿಸದಿದ್ದರೆ ಮೆಷಿನ್ ನಿಲ್ಲಿಸುತ್ತೇನೆ. ಇಪ್ಪತ್ತು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಹೀಗಿದ್ದೂ ನನ್ನ ಸ್ವಂತ ಮುಖದ ಬಣ್ಣ ಯಾವುದು ಎಂದು ಯಾರಾದರೂ ಕೇಳಿದ್ದರೆ ಹೋದ ತಿಂಗಳವರೆಗೂ ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ಇಪ್ಪತ್ತು ವರ್ಷಕ್ಕೆಂದು ಕಚೇರಿಯವರು ಒಂದು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ನ ಗಿಫ್ಟ್ ವೋಚರ್ ಕೊಟ್ಟಿದ್ದರು. ನಾನದನ್ನು ವಿದ್ಯುತ್ ಬಿಲ್ಲುಗಳ ಜೊತೆ ಸೇರಿಸಿ ಮರೆತಿದ್ದೆ. ಅವಧಿ ಮುಗಿಯಲು ಹತ್ತು ದಿನ ಇದ್ದಾಗ ತಂಗಿಯ ಮಗಳು ಅದನ್ನು ಹೊರಗೆಳೆದಳು. “ದೊಡ್ಡಮ್ಮ, ಇದಕ್ಕೆ ನೀವು ಬೆಡ್‌ಶೀಟ್ ಕೊಂಡರೆ ನಾನು ಇನ್ನು ನಿಮ್ಮ ಮನೆಗೆ ಬರುವುದಿಲ್ಲ. ಒಂದು ಒಳ್ಳೆಯ ಫೌಂಡೇಶನ್, ಒಂದು ಲಿಪ್‌ಸ್ಟಿಕ್. ಅಷ್ಟೇ” ಎಂದಳು. ನಾನು ಬೆಡ್‌ಶೀಟನ್ನೇ ಯೋಚಿಸುತ್ತಿದ್ದೆ ಎಂಬುದು ಅವಳಿಗೆ ಹೇಗೆ ತಿಳಿಯಿತೋ. ಫೌಂಡೇಶನ್ ಎಂದರೆ ಚರ್ಮದ ಬಣ್ಣಕ್ಕೆ ಹೊಂದಿಸಿ ಮುಖಕ್ಕೆ ಬಳಿದುಕೊಳ್ಳುವ ಲೇಪ.

ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಹೋದೆ. ಈ ಒಂದು ಸಲಹೆಯನ್ನು ಮೊದಲೇ ಕೊಟ್ಟುಬಿಡುತ್ತೇನೆ: ವಾರದ ನಡುವೆ, ಅಂಗಡಿಯ ಬಾಗಿಲು ತೆರೆದ ಹೊಸದರಲ್ಲಿ ಹೋಗಿ. ಶನಿವಾರ ಸಂಜೆ ಹೋದರೆ ನಿಮಗೆ ಸಿಗುವುದು ಇನ್ನೊಬ್ಬರ ಮುಖದಿಂದ ಆಗಷ್ಟೇ ಎದ್ದುಬಂದ ಬ್ರಷ್. ಕೆಲಸದ ಅಭ್ಯಾಸಬಲದಿಂದ ಬೂದು ಬಣ್ಣದ ಬಟ್ಟೆ ತೊಟ್ಟಿದ್ದೆ. ಗಾಢ ಕೆಂಪು ತೊಟ್ಟು ಪ್ರೂಫ್ ನೋಡಿದರೆ ಹಾಳೆಯ ಮೇಲೆ ಆ ಕೆಂಪಿನ ಛಾಯೆ ಬೀಳುತ್ತದೆ. ಮುಖದ ವಿಷಯದಲ್ಲೂ ಹಾಗೆಯೇ. ಗಲ್ಲದ ಕೆಳಗೆ ಕೆಂಪು ದುಪಟ್ಟಾ ಇದ್ದರೆ ದವಡೆ ಕೆಂಪಾಗಿಯೇ ಕಾಣುತ್ತದೆ. ಕೈಚೀಲದಲ್ಲಿ ಲೂಪ್ ಕೂಡ ಇತ್ತು. ಲೂಪ್ ಎಂದರೆ ಮುದ್ರಣದ ಚುಕ್ಕೆಗಳನ್ನು ನೋಡಲು ನಾವು ಬಳಸುವ ಬೆರಳುದ್ದದ ಭೂತಗನ್ನಡಿ. ಅದು ಯಾವಾಗಲೂ ಚೀಲದಲ್ಲೇ ಇರುತ್ತದೆ, ಕೆಲವರಿಗೆ ಪೆನ್ನು ಇದ್ದಂತೆ.

ಬಾಗಿಲು ತಳ್ಳಿದೊಡನೆ ಮೂಗಿಗೆ ಬಡಿಯುವುದು ಹತ್ತಿಪ್ಪತ್ತು ಸುಗಂಧಗಳ ಜಗಳ. ಇಂಥ ಮಳಿಗೆಗಳಲ್ಲಿ ಸೌಂದರ್ಯ ಸಾಧನಗಳು ನೆಲಮಹಡಿಯಲ್ಲಿ ಬಾಗಿಲಿನ ಎದುರಿಗೇ ಇರುವುದು ಆಕಸ್ಮಿಕವಲ್ಲ. 1909ರಲ್ಲಿ ಲಂಡನ್ನಿನಲ್ಲಿ ತನ್ನ ಮಳಿಗೆ ತೆರೆದ ಹ್ಯಾರಿ ಗೋರ್ಡನ್ ಸೆಲ್ಫ್‌ರಿಜ್ ಸುಗಂಧ, ಪೌಡರುಗಳನ್ನು ಮೂಲೆಯಿಂದ ಎತ್ತಿ ಮುಂಬಾಗಿಲಿನ ಬಳಿಗೆ ತಂದವರಲ್ಲಿ ಒಬ್ಬ. ಪಾತ್ರೆ ಕೊಳ್ಳಲು ಬಂದವರೂ ಪರಿಮಳದ ನಡುವೆ ಹಾದೇ ಹೋಗಬೇಕು ಎಂಬ ಲೆಕ್ಕ. ನಾನು ಪಾತ್ರೆಗೆ ಬಂದವಳಲ್ಲದಿದ್ದರೂ ಒಂದು ಕ್ಷಣ ಲಿಫ್ಟ್ ಕಡೆಗೆ ಆಸೆಯಿಂದ ನೋಡಿದೆ.

ಮೊದಲನೆಯ ಕೌಂಟರ್ ಎಲ್ಲಕ್ಕಿಂತ ದೊಡ್ಡದು. ಕಪ್ಪು ಗಾಜು, ಚಿನ್ನದ ಅಕ್ಷರ, ಎತ್ತರದ ಕುರ್ಚಿ. ಅಲ್ಲಿದ್ದ ಹೆಂಗಸು ಕಪ್ಪು ಸಮವಸ್ತ್ರದ ಮೇಲೆ ಸೊಂಟಕ್ಕೆ ಬ್ರಷ್‌ಗಳ ಪಟ್ಟಿ ಕಟ್ಟಿಕೊಂಡಿದ್ದರು. ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್‌ಗಳನ್ನು ಸಿಕ್ಕಿಸಿಕೊಂಡಂತೆ. ಅದನ್ನು ಕಂಡು ನನಗೆ ಭರವಸೆ ಹುಟ್ಟಿತು. ಸಲಕರಣೆಯನ್ನು ಮೈಮೇಲೆ ಇಟ್ಟುಕೊಂಡವರು ಕೆಲಸ ಬಲ್ಲವರಾಗಿರುತ್ತಾರೆ ಎಂಬುದು ನನ್ನ ನಂಬಿಕೆ. ಆ ನಂಬಿಕೆ ಐದು ನಿಮಿಷ ಬಾಳಿತು.

“ಏನಾದರೂ ಸಮಾರಂಭ ಇದೆಯೇ ಮೇಡಂ?”

“ಇಲ್ಲ, ದಿನಾ ಕೆಲಸಕ್ಕೆ ಹಚ್ಚಿಕೊಂಡು ಹೋಗುವುದಕ್ಕೆ.”

ಉತ್ಸಾಹ ಒಂದು ಮೆಟ್ಟಿಲು ಇಳಿಯಿತು. ನನ್ನ ಮಣಿಕಟ್ಟನ್ನು ತಿರುಗಿಸಿ ರಕ್ತನಾಳಗಳನ್ನು ನೋಡಿ, “ಹಸಿರಾಗಿವೆ, ನಿಮ್ಮದು ವಾರ್ಮ್ ಅಂಡರ್‌ಟೋನ್” ಎಂದು ತೀರ್ಪು ಕೊಟ್ಟರು. ವಾರ್ಮ್ ಎಂದರೆ ಚರ್ಮದ ಒಳಛಾಯೆ ಹಳದಿಯ ಕಡೆಗೆ, ಕೂಲ್ ಎಂದರೆ ಗುಲಾಬಿಯ ಕಡೆಗೆ ಎಂದು ಲೆಕ್ಕ. ಆಮೇಲೆ ಅಂಗೈ ಹಿಂಬದಿಯ ಮೇಲೆ ಮೂರು ಗೆರೆ ಎಳೆದು, ನಡುವಿನದನ್ನು ಬೆರಳಲ್ಲಿ ತೀಡಿ, “ನೋಡಿ, ಕರಗಿಹೋಯಿತು, ಇದೇ ನಿಮ್ಮ ಶೇಡ್” ಎಂದರು. ನಿಜ, ಕರಗಿಹೋಗಿತ್ತು. ಆದರೆ ನನ್ನ ಕೈ ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದ ಕೈ. ಮುಖಕ್ಕಿಂತ ಅದು ಎರಡು ಪಟ್ಟು ಬಿಸಿಲು ಕಂಡಿದೆ. ಪುಸ್ತಕದ ರಕ್ಷಾಪುಟದ ಬಣ್ಣ ನೋಡಲು ಬಂದವರಿಗೆ ಒಳಪುಟದ ಕಾಗದ ತೋರಿಸಿದ ಹಾಗಾಯಿತು.

“ದವಡೆಯ ಮೇಲೆ ಹಚ್ಚಿ ನೋಡೋಣವೇ?” ಎಂದೆ. ಹಚ್ಚಿದರು. ಕನ್ನಡಿಯ ಸುತ್ತ ಬಲ್ಬುಗಳ ಉಂಗುರ. ಅದರಲ್ಲಿ ನಾನು ಎಷ್ಟು ಚೆನ್ನಾಗಿ ಕಂಡೆನೆಂದರೆ ನನಗೇ ಅನುಮಾನ ಬಂತು. ಮುಖದ ಮೇಲಿನ ಗೆರೆಗಳು ಮಾಯ, ಕಣ್ಣಡಿಯ ಕಪ್ಪು ಮಾಯ, ಹಣೆ ಹೊಸ ಕಾಗದದಂತೆ ನುಣ್ಣಗೆ. ಹಾಗೆ ಕಂಡದ್ದು ಫೌಂಡೇಶನ್ ಹಚ್ಚದ ಎಡಗಡೆಯೂ!

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಲೇಬೇಕು. ನಾವು ಪ್ರೂಫ್ ನೋಡುವುದು ಒಂದು ನಿಶ್ಚಿತ ಬೆಳಕಿನಲ್ಲಿ. ಸುಮಾರು 5000 ಕೆಲ್ವಿನ್‌ನ, ಅಂದರೆ ಹಗಲಿನ ಬೆಳಕಿಗೆ ಹತ್ತಿರವಾದ ದೀಪ, ಸುತ್ತಲೂ ಬೂದು ಗೋಡೆ. ಇದಕ್ಕೆಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ. ಯಾಕೆಂದರೆ ಎರಡು ಬಣ್ಣಗಳು ಒಂದು ದೀಪದ ಕೆಳಗೆ ಅವಳಿಗಳಂತೆ ಕಂಡು, ಇನ್ನೊಂದು ದೀಪದ ಕೆಳಗೆ ಪರಸ್ಪರ ಸಂಬಂಧವೇ ಇಲ್ಲದವರಂತೆ ಕಾಣಬಲ್ಲವು. ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಚರ್ಮದ ಬಣ್ಣ ಬರುವುದು ಮೆಲನಿನ್ ಎಂಬ ವರ್ಣದ್ರವ್ಯದಿಂದ, ಒಳಗೆ ಹರಿಯುವ ರಕ್ತದಿಂದ. ಫೌಂಡೇಶನ್‌ನ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ. ಬೇರೆ ಬೇರೆ ವಸ್ತುಗಳಿಂದಾದ ಎರಡು ಬಣ್ಣಗಳು ಹಳದಿ ಬಲ್ಬಿನ ಕೆಳಗೆ ಹೊಂದಿಕೊಂಡವು ಎಂದ ಮಾತ್ರಕ್ಕೆ ಬಿಸಿಲಿನಲ್ಲೂ ಹೊಂದಿಕೊಳ್ಳಬೇಕು ಎಂದೇನೂ ಇಲ್ಲ. “ಇದು ಡೇಲೈಟ್ ಬಲ್ಬೇ ಮೇಡಂ” ಎಂದು ಅವರು ಹೇಳಿದರು. ನಾನು ಮಾತು ಬೆಳೆಸಲಿಲ್ಲ. ಬಿಳಿ ಟಿಶ್ಯೂ ಒಂದನ್ನು ಎತ್ತಿ ಆ ಬೆಳಕಿಗೆ ಹಿಡಿದೆ. ಅದು ಕೆನೆಬಣ್ಣಕ್ಕೆ ತಿರುಗಿತ್ತು.

ಅಷ್ಟರಲ್ಲಿ ಅವರು ರೆಪ್ಪೆಗೂದಲಿಗೆ ಹಚ್ಚುವ ಕಾಡಿಗೆ ಕಪ್ಪಿನ ಮಸ್ಕರಾದ ಟೆಸ್ಟರ್ (ಗಿರಾಕಿಗಳು ಹಚ್ಚಿ ನೋಡಲೆಂದು ತೆರೆದಿಟ್ಟ ಡಬ್ಬಿ) ತೆಗೆದು, ಅದರದೇ ಕಡ್ಡಿಯನ್ನು ನನ್ನ ಕಣ್ಣಿನತ್ತ ತಂದರು. ಬೇರೆ ಕಡ್ಡಿ ಇಲ್ಲವೇ ಎಂದು ಕೇಳಿದೆ. ‘ಮುಗಿದಿವೆ’ ಎಂದರು. ಕುರ್ಚಿಯಿಂದ ಇಳಿದೆ. ಒಂದೇ ಕಡ್ಡಿ ಹತ್ತು ಜನರ ಕಣ್ಣಿಗೂ ಅದೇ ಡಬ್ಬಿಗೂ ಓಡಾಡುವುದಾದರೆ ನಾನು ರೆಪ್ಪೆಯಿಲ್ಲದವಳಂತೆಯೇ ಬದುಕುತ್ತೇನೆ. ಹೊರಡುವಾಗ ಸ್ಯಾಂಪಲ್ ಕೇಳಿದೆ. ಫೌಂಡೇಶನ್, ಅದರಡಿಗೆ ಹಚ್ಚುವ ಪ್ರೈಮರ್, ಪೌಡರ್ ಮೂರನ್ನೂ ಸೆಟ್ಟಾಗಿ ಕೊಂಡವರಿಗೆ ಮಾತ್ರವಂತೆ.

ಎರಡನೆಯ ಕೌಂಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿದ್ದ ಹುಡುಗ ಸಭ್ಯ, ಕೈ ತೊಳೆದುಕೊಂಡೇ ಬಂದ. ಆದರೆ ಅದೇ ಮಣಿಕಟ್ಟು, ಅದೇ ರಕ್ತನಾಳ. ಇಲ್ಲಿ ಅವು ನೀಲಿಯಾಗಿ ಕಂಡು ನಾನು ಹದಿನೈದೇ ನಿಮಿಷದಲ್ಲಿ ವಾರ್ಮ್‌ನಿಂದ ಕೂಲ್‌ಗೆ ಬಡ್ತಿ ಪಡೆದೆ. ನಾಳದೊಳಗಿನ ರಕ್ತ ಹಸಿರೂ ಅಲ್ಲ, ನೀಲಿಯೂ ಅಲ್ಲ, ಕೆಂಪು. ಚರ್ಮದಲ್ಲಿ ಬೆಳಕು ಚದುರಿ ಹಿಂದಿರುಗುವ ಬಗೆಯಿಂದ ಅದು ಹಾಗೆ ಕಾಣುತ್ತದೆ. ಮೇಲೆ ಉರಿಯುವ ದೀಪ ಬದಲಾದರೆ ಕಾಣುವ ಬಣ್ಣವೂ ಬದಲಾಗುತ್ತದೆ. ಈ ಮಣಿಕಟ್ಟಿನ ಪರೀಕ್ಷೆಯನ್ನು ಗಿಣಿಶಾಸ್ತ್ರದ ಪಕ್ಕದಲ್ಲಿ ಇಡಬಹುದು. ಅವನು ಇನ್ನೊಂದು ಮಾತನ್ನೂ ಹೇಳಿದ: ಈ ಫೌಂಡೇಶನ್‌ನಲ್ಲಿ ಎಸ್‌ಪಿಎಫ್ 15 ಇದೆ, ಸನ್‌ಸ್ಕ್ರೀನ್ ಬೇಕಿಲ್ಲ. ಎಸ್‌ಪಿಎಫ್ ಎಂದರೆ ಬಿಸಿಲು ತಡೆಯುವ ಶಕ್ತಿಯ ಅಳತೆ. ಅವನ ಮಾತನ್ನು ನಂಬಬೇಡಿ. ಆ ಸಂಖ್ಯೆಯನ್ನು ಅಳೆಯುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಬಳಿದು. ಅಷ್ಟು ಫೌಂಡೇಶನ್ ಮೆತ್ತಿಕೊಂಡರೆ ಬಿಸಿಲು ತಾಗಲಿಕ್ಕಿಲ್ಲ, ಆದರೆ ನೆಂಟರಿಗೆ ಗುರುತು ಸಿಗುವುದೂ ಇಲ್ಲ.

ಮೂರನೆಯದು ಮೂಲೆಯ ಚಿಕ್ಕ ಕೌಂಟರ್. ಮಧ್ಯವಯಸ್ಸಿಗೆ ಇನ್ನೂ ಕಾಲಿಡದ ಒಬ್ಬ ಹೆಂಗಸು, ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದಳು. ಎಡಗೈಯ ಹಿಂಬದಿಯ ತುಂಬ ಏಳೆಂಟು ಬಣ್ಣದ ಮಚ್ಚೆಗಳು. ನಮ್ಮಲ್ಲಿ ಶಾಯಿ ಬೆರೆಸುವವರ ಕೈಯೂ ಹೀಗೆಯೇ ಇರುತ್ತದೆ. ನನ್ನ ಎರಡು ದವಡೆಗಳ ಮೇಲೂ ಗೆರೆ ಇರುವುದನ್ನು ಕಂಡು ನಕ್ಕಳು. “ಆಗಲೇ ಎರಡು ಕಡೆ ಹೋಗಿ ಬಂದಿದ್ದೀರಿ. ಏನೆಂದರು?”

“ಒಬ್ಬರು ವಾರ್ಮ್ ಎಂದರು, ಇನ್ನೊಬ್ಬರು ಕೂಲ್ ಎಂದರು.”

“ಹೆಸರು ಆಮೇಲೆ ಇಡೋಣ. ಮೊದಲು ಮುಖ ತೊಳೆಯೋಣ.”

ಹತ್ತಿಯಲ್ಲಿ ಎರಡೂ ಗೆರೆಗಳನ್ನು ಒರೆಸಿದಳು. ಒರೆಸಿದ ಮೇಲೆ ಚರ್ಮ ಕೆಂಪಗಾಗಿರುತ್ತದೆ, ತಣ್ಣಗಾಗಲಿ ಎಂದು ಐದು ನಿಮಿಷ ಕಾಯಿಸಿದಳು. ಆ ಐದು ನಿಮಿಷಕ್ಕೇ ನಾನು ಅವಳಿಗೆ ಮನಸೋತೆ. ಒಣಗುವ ಮೊದಲು ಹಾಳೆ ನೋಡಬೇಡಿ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ.

ಆಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡ್ರಾಯರ್‌ನಿಂದ ಉಕ್ಕಿನ ಒಂದು ತಟ್ಟೆ, ಒಂದು ಚಪ್ಪಟೆ ಚಾಕು ತೆಗೆದು ಎರಡನ್ನೂ ಆಲ್ಕೊಹಾಲ್ ಸಿಂಪಡಿಸಿ ಒರೆಸಿದಳು. ತಟ್ಟೆಯ ಮೇಲೆ ಮೂರು ಶೇಡ್‌ಗಳ ಒಂದೊಂದು ಹನಿ. ಚಾಕುವಿನ ಅಂಚಿನಿಂದ ಪ್ರತಿ ಹನಿಯನ್ನೂ ಕೆಳಗೆ ಎಳೆದಳು. ಮೇಲ್ಗಡೆ ದಪ್ಪ, ಕೆಳಗಡೆಗೆ ಬರುತ್ತ ತೆಳು, ಕೊನೆಗೆ ಲೋಹ ಕಾಣುವಷ್ಟು ತೆಳು. ನಮ್ಮ ಪ್ರೆಸ್‌ನಲ್ಲಿ ಹೊಸ ಶಾಯಿ ಬಂದಾಗ ಕಾಗದದ ಮೇಲೆ ಇದನ್ನೇ ಮಾಡುತ್ತೇವೆ. ದಪ್ಪವಾಗಿದ್ದಾಗ ಬಣ್ಣ ಸುಳ್ಳು ಹೇಳುತ್ತದೆ. ತೆಳುವಾದಾಗಲೇ ಒಳಗೆ ಹಳದಿ ಎಷ್ಟು, ಕೆಂಪು ಎಷ್ಟು ಎಂಬುದು ಹೊರಬೀಳುವುದು. ಅವಳಿಗೆ ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. ಯಾರೂ ಇಲ್ಲ, ಗೊತ್ತಾಗುತ್ತ ಹೋಯಿತು ಎಂದಳು.

ನಾನು ಲೂಪ್ ತೆಗೆದು ತಟ್ಟೆಯ ಮೇಲಿಟ್ಟೆ. ಬಹುತೇಕ ಫೌಂಡೇಶನ್‌ಗಳ ಬಣ್ಣವೆಲ್ಲ ನಾಲ್ಕು ಪುಡಿಗಳ ಆಟ: ಬಿಳಿಗೆ ಟೈಟಾನಿಯಂ ಡೈಆಕ್ಸೈಡ್, ಉಳಿದದ್ದಕ್ಕೆ ಕೆಂಪು, ಹಳದಿ, ಕಪ್ಪು ಎಂಬ ಮೂರು ಕಬ್ಬಿಣದ ಆಕ್ಸೈಡುಗಳು. ನಮ್ಮ ಮೆಷಿನ್‌ನಲ್ಲೂ ನಾಲ್ಕೇ ಶಾಯಿ. ಆದರೆ ನಮಗೆ ಬಿಳಿ ಕಾಗದದಿಂದಲೇ ಬರುತ್ತದೆ, ಅವರು ಅದನ್ನು ಬೆರೆಸಬೇಕು. ತೊಂದರೆ ಇರುವುದೇ ಅಲ್ಲಿ. ಗಾಢ ಬಣ್ಣದ ಚರ್ಮಕ್ಕೆಂದು ಮಾಡಿದ ಶೇಡ್‌ನಲ್ಲಿ ಬಿಳಿ ಸ್ವಲ್ಪ ಹೆಚ್ಚಾದರೂ ಮುಖ ಬೂದಿ ಬಳಿದಂತೆ ಕಾಣುತ್ತದೆ. ಎಷ್ಟೋ ಕಾಲ ಕಂಪನಿಗಳು ಆ ಕಡೆಯ ಶೇಡ್‌ಗಳಿಗೆ ತಲೆ ಕೆಡಿಸಿಕೊಳ್ಳದೆ ಎರಡೋ ಮೂರೋ ಇಟ್ಟು ಕೈತೊಳೆದುಕೊಂಡವು. 2017ರಲ್ಲಿ ಫೆಂಟಿ ಬ್ಯೂಟಿ ಎಂಬ ಕಂಪನಿ ಒಂದೇ ಸಲಕ್ಕೆ 40 ಶೇಡ್‌ಗಳೊಂದಿಗೆ ಮಾರುಕಟ್ಟೆಗೆ ಬಂದ ಮೇಲೆ ಉಳಿದವರ ಕಪಾಟುಗಳೂ ಉದ್ದವಾದವು. ಈಗ ನನ್ನ ಕಷ್ಟ ಬೇರೆ: ನನ್ನ ಆಸುಪಾಸಿನಲ್ಲೇ ಆರು ಶೇಡ್‌ಗಳು. ಆರಕ್ಕೂ ಅಕ್ಷರ, ಅಂಕೆ ಬೆರೆತ ಹೆಸರುಗಳು. ಒಂದು ಕಂಪನಿಯ ‘ಸಿ’ ಇನ್ನೊಂದರ ‘ಸಿ’ ಅಲ್ಲ. ಮ್ಯಾಕ್ ಕಂಪನಿಯಲ್ಲಂತೂ ಹಳದಿ ಛಾಯೆಯ ಚರ್ಮದವರಿಗೆ ‘ಎನ್‌ಸಿ’, ಗುಲಾಬಿ ಛಾಯೆಯವರಿಗೆ ‘ಎನ್‌ಡಬ್ಲ್ಯೂ’. ಇಲ್ಲಿ ‘ಸಿ’ ಎಂದರೆ ಕೂಲ್, ‘ಡಬ್ಲ್ಯೂ’ ಎಂದರೆ ವಾರ್ಮ್. ಕೂಲ್, ವಾರ್ಮ್ ಎಂದು ಬಾಯಿಪಾಠ ಮಾಡಿಕೊಂಡು ಹೋದವರಿಗೆ ಎಲ್ಲವೂ ತಿರುಗುಮುರುಗು.

ಅವಳು ಆರರಲ್ಲಿ ಎರಡನ್ನು ಆರಿಸಿ ಎಡ ದವಡೆಗೊಂದು, ಬಲ ದವಡೆಗೊಂದು ಹಚ್ಚಿದಳು. ಕತ್ತಿನವರೆಗೂ ಎಳೆದಳು. ಆಮೇಲೆ ಮಾರಾಟಗಾರರ ಬಾಯಿಂದ ನಾನು ನಿರೀಕ್ಷಿಸದ ಮಾತು: “ಈಗ ಹೊರಗೆ ಹೋಗಿ. ಅರ್ಧ ಗಂಟೆ ತಿರುಗಾಡಿ ಬನ್ನಿ.”

ಹೊರಗೆ ಮೆಟ್ಟಿಲ ಮೇಲೆ ಕುಳಿತೆ. ಕಾವಲುಗಾರ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ನೋಡಿದ. ಮೊಬೈಲ್‌ನ ಮುಂದಿನ ಕ್ಯಾಮೆರಾದಲ್ಲಿ ಹತ್ತತ್ತು ನಿಮಿಷಕ್ಕೆ ಒಂದು ಚಿತ್ರ ತೆಗೆದು ತಂಗಿಯ ಮಗಳಿಗೆ ಕಳಿಸಿದೆ. “ಫ್ಲಾಶ್ ಹಾಕಿಯೂ ಒಂದು ತೆಗೆಯಿರಿ ದೊಡ್ಡಮ್ಮ” ಎಂದಳು. ಅವಳ ಮಾತಿಗೆ ಅರ್ಥವಿದೆ. ಟೈಟಾನಿಯಂ ಆಗಲಿ ಸಿಲಿಕಾ ಪುಡಿಯಾಗಲಿ ಹೆಚ್ಚಿದ್ದರೆ ಫ್ಲಾಶ್‌ನ ಬೆಳಕು ಅಲ್ಲಿಗೆ ತಾಗಿ ವಾಪಸು ಬಂದು, ಚಿತ್ರದಲ್ಲಿ ಮುಖ ಮಾತ್ರ ಬೆಳ್ಳಗೆ ಕಾಣುತ್ತದೆ. ನನ್ನದು ಹಾಗಾಗಲಿಲ್ಲ. ಆದರೆ ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಬಲ ದವಡೆ ಒಂದು ಮೆಟ್ಟಿಲು ಕಪ್ಪಾಗಿತ್ತು.

ಇದಕ್ಕೆ ಕೌಂಟರ್‌ಗಳಲ್ಲಿ ‘ಆಕ್ಸಿಡೈಸ್ ಆಗುತ್ತದೆ’ ಎನ್ನುತ್ತಾರೆ. ಕಬ್ಬಿಣದ ಆಕ್ಸೈಡ್ ತುಕ್ಕಿನ ಬಂಧು. ತುಕ್ಕಿಗೆ ಇನ್ನೆಲ್ಲಿಂದ ತುಕ್ಕು ಹಿಡಿಯಬೇಕು? ನನಗೆ ಇದರಲ್ಲಿ ಕಾಣುವುದು ನಮ್ಮ ಮನೆಯದೇ ಕಥೆ. ಹಸಿ ಶಾಯಿಯ ಬಣ್ಣ ಬೇರೆ, ಒಣಗಿದ ಶಾಯಿಯ ಬಣ್ಣ ಬೇರೆ. ಹೆಚ್ಚು ಹೊತ್ತು ಉಳಿಯುವ ಫೌಂಡೇಶನ್‌ಗಳಲ್ಲಿ ಆವಿಯಾಗಿ ಹೋಗುವ ಸಿಲಿಕೋನ್ ಎಣ್ಣೆಗಳಿರುತ್ತವೆ. ಅವು ಹಾರಿಹೋದ ಮೇಲೆ ಬಣ್ಣದ ಪುಡಿ ಒತ್ತಾಗಿ ಕೂರುತ್ತದೆ. ಚರ್ಮದ ಜಿಡ್ಡು ಆ ಪುಡಿಯನ್ನು ತೋಯಿಸುತ್ತದೆ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಕಪ್ಪಾಗಿ ಕಾಣುವ ಹಾಗೆ. ಮೊದಲ ಕೌಂಟರಿನಲ್ಲಿ ಎರಡು ನಿಮಿಷದಲ್ಲಿ ‘ಕರಗಿಹೋದ’ ಶೇಡ್ ಕೊಂಡಿದ್ದರೆ ಮಧ್ಯಾಹ್ನದ ಹೊತ್ತಿಗೆ ನಾನು ಬೇರೆಯವರ ಮುಖ ಹೊತ್ತು ತಿರುಗುತ್ತಿದ್ದೆ.

ಒಳಗೆ ಹೋಗಿ ಸ್ಯಾಂಪಲ್ ಕೇಳಿದೆ. ಅವಳು ಗುಂಡಿಯಷ್ಟು ಚಿಕ್ಕ ಎರಡು ಡಬ್ಬಿಗಳಿಗೆ ಚಾಕುವಿನಿಂದ ತುಂಬಿಸಿ, ಮುಚ್ಚಳದ ಮೇಲೆ ಶೇಡ್‌ನ ಅಂಕೆ, ಆ ದಿನದ ತಾರೀಖು ಬರೆದು ಕೊಟ್ಟಳು. ತಾರೀಖು! ಹಣ ಕೊಟ್ಟು ಕೊಂಡ ವಸ್ತುವಿನ ಮೇಲೂ ಇಷ್ಟು ಶ್ರದ್ಧೆ ಕಂಡದ್ದು ಅಪರೂಪ. ಕೊಂಡರೆ ಒಂದು ಕೊಸರು ಉಚಿತ ಎಂಬ ಪದ್ಧತಿಯನ್ನು ಈ ವ್ಯಾಪಾರದಲ್ಲಿ ಊರಿಸಿದವರು ಎಸ್ಟೀ ಲಾಡರ್. 1946ರಲ್ಲಿ ಕಂಪನಿ ಕಟ್ಟಿ, ಜಾಹೀರಾತಿಗೆ ಸುರಿಯುವ ದುಡ್ಡಿಲ್ಲದೆ ಸ್ಯಾಂಪಲ್ ಹಂಚಿಯೇ ಬೆಳೆದಾಕೆ. ನನ್ನ ಮಟ್ಟಿಗೆ ಅದರಷ್ಟು ಬುದ್ಧಿವಂತ ಜಾಹೀರಾತು ಇನ್ನೊಂದಿಲ್ಲ. ಆ ಎರಡು ಗುಂಡಿಗಳಿಗಾಗಿಯೇ ನಾನು ಅಲ್ಲಿಗೆ ಮರಳಿ ಹೋದದ್ದು.

ಮಾರನೆಯ ದಿನ ಎರಡನ್ನೂ ಒಂದೊಂದು ಕಡೆ ಹಚ್ಚಿಕೊಂಡು ಪ್ರೆಸ್‌ಗೆ ಹೋದೆ. ಪ್ರೂಫ್ ನೋಡುವ ದೀಪದ ಕೆಳಗೆ ನಿಂತು ನಮ್ಮ ಮೆಷಿನ್ ಮೇಸ್ತ್ರಿಯನ್ನು ಕರೆದೆ. ಆತನಿಗೆ ನಿವೃತ್ತಿಗೆ ಎರಡು ವರ್ಷ. ಯಾವ ಹಾಳೆಯನ್ನೂ ಒಂದೇ ನೋಟಕ್ಕೆ ಒಪ್ಪಿದವರಲ್ಲ. ಕನ್ನಡಕವನ್ನು ಹಣೆಗೇರಿಸಿ, ಕೈ ಹಿಂದೆ ಕಟ್ಟಿ, ನನ್ನ ಮುಖವನ್ನು ಹಾಳೆ ನೋಡುವಷ್ಟೇ ನಿರ್ದಾಕ್ಷಿಣ್ಯವಾಗಿ ನೋಡಿದರು.

“ಎಡಗಡೆಯದು ಪರವಾಗಿಲ್ಲ. ಬಲಗಡೆಗೆ ಹಳದಿ ಎರಡು ಪರ್ಸೆಂಟ್ ಹೆಚ್ಚು ಬಿದ್ದಿದೆ ಮೇಡಂ. ಕಪ್ಪೂ ಸ್ವಲ್ಪ ಇಳಿಸಬೇಕು.”

“ಓಡಿಸಬಹುದೇ?”

“ಎಡಗಡೆಯದನ್ನು ಓಡಿಸಿ” ಎಂದು ಮೆಷಿನ್ ಕಡೆ ಹೊರಟರು. ನಡುವೆ ನಿಂತು ತಿರುಗಿ, “ಯಾವ ಕೆಲಸಕ್ಕೆ ಇದು?” ಎಂದು ಕೇಳಿದರು.

ಮರುದಿನ ಎಡಗಡೆಯದನ್ನೇ ಪೂರ್ತಿ ಮುಖಕ್ಕೆ ಹಚ್ಚಿಕೊಂಡೆ. ಬೆಳಗ್ಗೆ ಎಂಟಕ್ಕೆ ಹಚ್ಚಿದ್ದು ಸಂಜೆ ಆರಕ್ಕೂ ಇತ್ತು, ಮೂಗಿನ ಪಕ್ಕಗಳನ್ನು ಬಿಟ್ಟು. ಅಲ್ಲಿ ಕನ್ನಡಕದ ಒತ್ತು ಬೀಳುವಲ್ಲಿ ಎರಡು ಬೋಳು ಚುಕ್ಕೆಗಳು. ಲೂಪ್ ಹಿಡಿದು ನೋಡಿದರೆ ಕಣ್ಣಿನ ಹೊರ ಅಂಚಿನ ಗೆರೆಗಳಲ್ಲಿ ಬಣ್ಣ ಹೋಗಿ ಕೂತಿತ್ತು, ಆದರೆ ಹಾಗೆ ಲೂಪ್ ಹಿಡಿದು ನನ್ನನ್ನು ನೋಡುವವಳು ನಾನೊಬ್ಬಳೇ. ಕೈಗೆ ತೆಳು, ವಾಸನೆ ಮಂದ, ಮುಖ ಬಿಗಿಯುವುದಿಲ್ಲ. ಒಳ್ಳೆಯ ವಸ್ತು. ಅಗ್ಗದ ಫೌಂಡೇಶನ್‌ಗಿಂತ ಇದು ಹತ್ತು ಪಟ್ಟು ಒಳ್ಳೆಯದೇ ಎಂದರೆ, ಇಲ್ಲ. ಕೊಂಡ ಮೇಲೆ ಎರಡರ ಪೆಟ್ಟಿಗೆಗಳನ್ನೂ ಪಕ್ಕ ಪಕ್ಕ ಇಟ್ಟು ಒಳವಸ್ತುಗಳ ಪಟ್ಟಿ ಓದಿದೆ (ಆ ಅಕ್ಷರದ ಗಾತ್ರಕ್ಕೆ ಲೂಪ್ ಇಲ್ಲದೆ ಗತಿಯಿಲ್ಲ). ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಜಾಹೀರಾತಿನಲ್ಲಿ ಮೊದಲು ನಿಲ್ಲುವ ಹೂವಿನ ಸಾರ, ಮುತ್ತಿನ ಪುಡಿಗಳೆಲ್ಲ ಸಾಮಾನ್ಯವಾಗಿ ಆ ಬಾಲದಲ್ಲೇ ಇರುತ್ತವೆ. ಮೊದಲ ಐದಾರು ಹೆಸರು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನಾನು ವ್ಯತ್ಯಾಸ ಕಂಡದ್ದು ಬಣ್ಣದ ಪುಡಿಯನ್ನು ಅರೆದ ನಯದಲ್ಲಿ. ದುಬಾರಿಯದನ್ನು ತೆಳುವಾಗಿ ಎಳೆದಾಗ ಒಂದು ಕಾಳೂ ಕಾಣಲಿಲ್ಲ. ಅಗ್ಗದ್ದರಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ ಉಳಿದಿತ್ತು.

ಶನಿವಾರ ವೋಚರ್ ಹಿಡಿದು ಮರಳಿದೆ. (ನನ್ನ ಸಲಹೆಯನ್ನು ನಾನೇ ಮುರಿದೆ. ಅವಧಿ ಭಾನುವಾರಕ್ಕೆ ಮುಗಿಯುತ್ತಿತ್ತು.) ಜನಜಂಗುಳಿ. ಅವಳ ಮುಖದ ಫೌಂಡೇಶನ್ ತುಟಿಯ ಪಕ್ಕ ಬಿರುಕು ಬಿಟ್ಟಿತ್ತು. ಬೆಳಗ್ಗೆಯಿಂದ ನಿಂತೇ ಇದ್ದೇನೆ ಎಂದಳು. ಆ ಎತ್ತರದ ಕುರ್ಚಿ ಗಿರಾಕಿಗಳಿಗೆ ಮಾತ್ರ. ಇಂಥ ಕೌಂಟರ್‌ಗಳಲ್ಲಿ ಎಷ್ಟೋ ಜನ ಮಳಿಗೆಯ ನೌಕರರಲ್ಲ, ಆಯಾ ಬ್ರ್ಯಾಂಡಿನವರು. ತಿಂಗಳ ಗುರಿ ಅವರ ತಲೆಯ ಮೇಲೆ ತೂಗುತ್ತಿರುತ್ತದೆ. ಮೊದಲ ಕೌಂಟರಿನವರು ಸೆಟ್ ಸೆಟ್ ಎಂದು ಜಪಿಸಿದ್ದಕ್ಕೆ ನಾನು ಅವರ ಮೇಲೆ ಅಷ್ಟೇನೂ ಮುನಿದಿಲ್ಲ. ಮಸ್ಕರಾ ಕಡ್ಡಿಯನ್ನು ಮಾತ್ರ ಕ್ಷಮಿಸುವುದಿಲ್ಲ.

ಫೌಂಡೇಶನ್ ಆಯಿತು. ಉಳಿದ ಮೊತ್ತಕ್ಕೆ ಲಿಪ್‌ಸ್ಟಿಕ್. ಎದುರಿಗೆ ಎಂಬತ್ತೋ ತೊಂಬತ್ತೋ ಬಣ್ಣ. ಬಾಬಿ ಬ್ರೌನ್ ಎಂಬ ಮೇಕಪ್ ಕಲಾವಿದೆ 1991ರಲ್ಲಿ ನ್ಯೂಯಾರ್ಕಿನ ಬರ್ಗ್‌ಡಾರ್ಫ್ ಗುಡ್‌ಮನ್ ಮಳಿಗೆಯಲ್ಲಿ ವ್ಯಾಪಾರ ಶುರು ಮಾಡಿದಾಗ ಇಟ್ಟಿದ್ದು ಬರೀ 10 ಲಿಪ್‌ಸ್ಟಿಕ್, ತುಟಿಯ ಸಹಜ ಬಣ್ಣಕ್ಕೆ ಹತ್ತಿರವಾದವು. ನನಗೆ ಆ ಹತ್ತೇ ಸಾಕಾಗುತ್ತಿತ್ತು. ಲಿಪ್‌ಸ್ಟಿಕ್ ಎಂದರೆ ನನಗೆ ಒಂದು ವಿಧದ ನೆಂಟಸ್ತಿಕೆ. ಹರಳೆಣ್ಣೆಯಲ್ಲಿ ಬಣ್ಣದ ಪುಡಿ ಬೆರೆಸಿ ಮೂರು ಉರುಳೆಗಳ ಯಂತ್ರದಲ್ಲಿ ಅರೆಯುತ್ತಾರೆ, ಆಮೇಲೆ ಮೇಣ ಸೇರಿಸಿ ಅಚ್ಚಿಗೆ ಹೊಯ್ಯುತ್ತಾರೆ. ನಮ್ಮ ಶಾಯಿಯನ್ನು ಅರೆಯುವುದೂ ಅಂಥದೇ ಮೂರು ಉರುಳೆಗಳ ಯಂತ್ರದಲ್ಲಿ.

ದುಬಾರಿ ಎಂಬುದು ನಿಜಕ್ಕೂ ಗೊತ್ತಾಗುವುದು ಇಲ್ಲಿ, ಅದೂ ಕೈಗೆ. ಆ ಕೊಳವೆಯ ಭಾರ. ಮುಚ್ಚಳವನ್ನು ಹತ್ತಿರ ತಂದರೆ ಒಳಗಿನ ಅಯಸ್ಕಾಂತ ಅದನ್ನು ತಾನೇ ಎಳೆದುಕೊಂಡು ‘ಟಕ್’ ಎಂದು ಮುಚ್ಚುತ್ತದೆ. ನಾನು ಅದನ್ನು ಆರೇಳು ಸಲ ಮುಚ್ಚಿ ತೆರೆದೆ. ದುಡ್ಡಿನಲ್ಲಿ ಒಂದು ದೊಡ್ಡ ಪಾಲು ಆ ‘ಟಕ್’ಗೆ ಹೋಗುತ್ತದೆ ಎಂದು ಗೊತ್ತಿದ್ದೂ ಇಷ್ಟವಾಯಿತು. ಪ್ಲಾಸ್ಟಿಕ್ ಕೊಳವೆಯ ಲಿಪ್‌ಸ್ಟಿಕ್‌ಗೆ ಈ ಸಂಭ್ರಮವಿಲ್ಲ.

ಮೊದಲು ಎತ್ತಿದ ಕೆಂಪು ನನಗೆ ಒಪ್ಪಿತ್ತು. ಪೆಟ್ಟಿಗೆ ತಿರುಗಿಸಿ ಲೂಪ್ ಹಿಡಿದರೆ ಪಟ್ಟಿಯ ಕೊನೆಯಲ್ಲಿ ಸಿಐ 75470 ಎಂಬ ಬಣ್ಣದ ಸಂಖ್ಯೆ ಇತ್ತು. ಕಾರ್ಮೈನ್. ಕೊಚಿನೀಲ್ ಎಂಬ ಹುಳುಗಳನ್ನು ಒಣಗಿಸಿ ತೆಗೆಯುವ ಕೆಂಪು. ಅಷ್ಟು ಚೆಂದದ ಕೆಂಪು ಸುಲಭವಾಗಿ ಬೇರೆಯದರಿಂದ ಬರುವುದಿಲ್ಲ ಎಂಬುದು ನಿಜವಾದರೂ ನನಗೆ ತುಟಿಯ ಮೇಲೆ ಹುಳು ಬೇಡವಾಗಿತ್ತು. ಅವಳಿಗೆ ತೋರಿಸಿದೆ. ಆ ಸಂಖ್ಯೆಯ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಹುಳು ಎಂದೊಡನೆ ತನ್ನ ತುಟಿಯನ್ನು ಒಮ್ಮೆ ಮುಟ್ಟಿಕೊಂಡಳು. ಆಮೇಲೆ ನಾವಿಬ್ಬರೂ ಸೇರಿ, ಹಿಂದೆ ನಿಂತ ಗಿರಾಕಿಗಳ ಕೆಂಗಣ್ಣಿಗೆ ಬೆನ್ನು ಹಾಕಿ, ಒಂದೊಂದೇ ಪೆಟ್ಟಿಗೆ ಓದಿದೆವು. ಐದನೆಯದರಲ್ಲಿ ಆ ಸಂಖ್ಯೆ ಇರಲಿಲ್ಲ. ಇಟ್ಟಿಗೆಯ ಕೆಂಪಿಗೆ ಚೂರು ಕಂದು ಸೇರಿದ ಬಣ್ಣ. ಟೆಸ್ಟರ್‌ನ ಮೇಲ್ಪದರವನ್ನು ಚಾಕುವಿನಿಂದ ಹೆರೆದು ಎಸೆದು, ಒಳಗಿನದನ್ನು ಬಿಸಾಡುವ ಬ್ರಷ್‌ನಿಂದ ಹಚ್ಚಿದಳು. ಕನ್ನಡಿ ಬೇಡ ಎಂದು ಬಾಗಿಲವರೆಗೆ ನಡೆದು ಮೊಬೈಲ್‌ನಲ್ಲಿ ನೋಡಿಕೊಂಡೆ. ಒಪ್ಪಿದೆ.

ಬಿಲ್ಲು ಹಾಕಿಸುವ ಮೊದಲು ಪೆಟ್ಟಿಗೆಯ ಮೇಲೆ ತೆರೆದ ಡಬ್ಬಿಯ ಚಿತ್ರವಿದೆಯೇ, ಅದರೊಳಗೆ ಎಷ್ಟು ತಿಂಗಳೆಂದು ಬರೆದಿದೆ ಎಂದು ನೋಡಿ. ನನ್ನ ಫೌಂಡೇಶನ್‌ಗೆ ‘12ಎಂ’. ತೆರೆದ ಮೇಲೆ ಹನ್ನೆರಡು ತಿಂಗಳು. ಬಾಟಲಿಯ ಅಡಿಗೆ ತೆರೆದ ದಿನಾಂಕ ಬರೆದಿಟ್ಟಿದ್ದೇನೆ, ಅವಳಿಂದ ಕಲಿತದ್ದು.

ಚೀಲ ಕೈಗೆ ಕೊಟ್ಟ ಮೇಲೆ ಅವಳು, “ಅದನ್ನು ಒಂದು ನಿಮಿಷ ಕೊಡುತ್ತೀರಾ?” ಎಂದು ಲೂಪ್ ಕಡೆ ಕೈ ಚಾಚಿದಳು. ಹೇಗೆ ಹಿಡಿಯಬೇಕೆಂದು ತೋರಿಸಿದೆ. ಮೊದಲು ತನ್ನ ಕೈಯ ಮೇಲಿನ ಬಣ್ಣದ ಮಚ್ಚೆಗಳನ್ನು ನೋಡಿದಳು. ಆಮೇಲೆ ಉಗುರನ್ನು. ಆಮೇಲೆ ಕೌಂಟರ್ ಮೇಲೆ ಸಾಲಾಗಿ ನಿಂತಿದ್ದ ಲಿಪ್‌ಸ್ಟಿಕ್ ಟೆಸ್ಟರ್‌ಗಳಲ್ಲಿ ಒಂದನ್ನು ತಿರುಗಿಸಿ ಮೇಲೆತ್ತಿ, ಲೂಪನ್ನು ಅದಕ್ಕೆ ಒತ್ತಿ ಹಿಡಿದು ತುಸು ಹೊತ್ತು ಸುಮ್ಮನಿದ್ದಳು. ಲೂಪ್ ನನಗೆ ಹಿಂದಿರುಗಿಸಿ, ಆ ಟೆಸ್ಟರನ್ನೂ ಅದರ ಅಕ್ಕಪಕ್ಕದ ಎರಡನ್ನೂ ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಬಗ್ಗಿ ಕೆಳಗಿನ ಡ್ರಾಯರ್ ಎಳೆದು ಹೊಸದು ಹುಡುಕತೊಡಗಿದಳು.